ಹಳೆಯ ಬಡಾವಣೆಗೆ ಮರುಜೀವ: ಮನೆಗಳ ದುರಸ್ತಿ ಮೊದಲೋ, ಅಂಗಡಿ ಬೀದಿ ಮೊದಲೋ?

ಪ್ರಶ್ನೆ (ನಿವಾಸಿಗಳ ಸಂಘದ ಕಾರ್ಯದರ್ಶಿ)

ಎಲ್ಲರಿಗೂ ನಮಸ್ಕಾರ. ನಗರದೊಳಗಿನ ಹಳೆಯ ಬಡಾವಣೆಯೊಂದರ ನಿವಾಸಿಗಳ ಸಂಘದ ಪರವಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ನಮ್ಮಲ್ಲಿನ ಮನೆಗಳು ಮೂಲದಲ್ಲಿ ಗಟ್ಟಿಯಾದವು. ಆದರೆ ಬಹುಕಾಲದಿಂದ ದುರಸ್ತಿ ಕಾಣದೆ ಮಾಡು ಸೋರುತ್ತಿದೆ, ಗೋಡೆಗಳಿಗೆ ತೇವ ಏರಿದೆ, ವಿದ್ಯುತ್ ತಂತಿಗಳು ಹಳತಾಗಿವೆ. ಕೆಲವು ಮನೆಗಳಿಗೆ ಬೀಗ ಬಿದ್ದು ವರ್ಷಗಳೇ ಕಳೆದಿವೆ. ಮುಖ್ಯ ಬೀದಿಯಲ್ಲಿ ಮಳಿಗೆಗಳು ಒಂದರ ಹಿಂದೊಂದರಂತೆ ಮುಚ್ಚುತ್ತಿವೆ. ಉಳಿದಿರುವ ದರ್ಜಿಗಳು, ಬಡಗಿಗಳು, ದಿನಸಿ ವ್ಯಾಪಾರಿಗಳು ಗಿರಾಕಿಗಳೇ ಇಲ್ಲವೆಂದು ಹೇಳುತ್ತಿದ್ದಾರೆ.

ಈಗ ಬಡಾವಣೆಯ ಪುನರುಜ್ಜೀವನಕ್ಕೆಂದು ಸ್ವಲ್ಪ ಹಣ ದೊರೆಯುವ ಸಾಧ್ಯತೆ ಇದೆ. ಅದು ಎಲ್ಲ ಕೆಲಸಗಳಿಗೂ ಸಾಲುವಷ್ಟಿಲ್ಲ. ಸಂಘದಲ್ಲಿ ಕೆಲವರು ಮುಖ್ಯ ಬೀದಿಯ ಮುಂಭಾಗಗಳಿಗೆ ಬಣ್ಣ ಬಳಿದು, ದೀಪ ಹಾಕಿ, ಅಂಗಡಿಗಳನ್ನು ತೆರೆಸಿದರೆ ಜನ ತಾವಾಗಿಯೇ ಬರುತ್ತಾರೆ, ಮನೆ ಮಾಲೀಕರೂ ಉತ್ಸಾಹಗೊಳ್ಳುತ್ತಾರೆ ಎನ್ನುತ್ತಾರೆ. ವಾಸಿಸುವ ಮನೆಯೇ ಸೋರುತ್ತಿರುವಾಗ ಬೀದಿಯ ಅಲಂಕಾರದಿಂದ ಪ್ರಯೋಜನವಿಲ್ಲ ಎಂಬುದು ಇನ್ನು ಕೆಲವರ ವಾದ. ಈ ಎರಡಕ್ಕಿಂತಲೂ ನನ್ನನ್ನು ಕಾಡುವುದು ಮೂರನೆಯ ಆತಂಕ: ಬಡಾವಣೆ ಸುಧಾರಿಸಿದ ಕೂಡಲೇ ಬಾಡಿಗೆ ಏರಿ, ಇಷ್ಟು ವರ್ಷ ಇಲ್ಲಿಯೇ ಉಳಿದು ಕಷ್ಟಪಟ್ಟವರೇ ಜಾಗ ಬಿಡಬೇಕಾದರೆ ನಾವು ಯಾರಿಗಾಗಿ ಈ ಕೆಲಸ ಮಾಡಿದಂತಾಯಿತು? ಇಂಥ ಕೆಲಸದಲ್ಲಿ ತೊಡಗಿದವರು, ಬೇರೆ ನಗರಗಳ ಅನುಭವವನ್ನು ಬಲ್ಲವರು ದಯವಿಟ್ಟು ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ.

ಉತ್ತರ 1 (ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವವರು)

ನಿಮ್ಮ ಮೂರನೆಯ ಆತಂಕವೇ ಮೊದಲು ಬರಬೇಕಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೂ ನಾನು ಬಲ್ಲ ವಿಷಯದಿಂದ, ಅಂದರೆ ಮನೆಗಳಿಂದಲೇ ಆರಂಭಿಸುತ್ತೇನೆ.

ಹಳೆಯ ಮನೆಯ ದುರಸ್ತಿಯಲ್ಲಿ ಹಣ ಪೋಲಾಗುವುದು ಬಹುಮಟ್ಟಿಗೆ ಕೆಲಸದ ಕ್ರಮ ತಪ್ಪಿದಾಗ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಅಥವಾ ಕಲ್ಲಿನ ಗೋಡೆಯನ್ನು ಗಮನಿಸಿ. ಅದು ತೇವವನ್ನು ಹೀರಿಕೊಳ್ಳುತ್ತದೆ, ಬಿಸಿಲು ಗಾಳಿ ದೊರೆತಾಗ ಹೊರಕ್ಕೂ ಬಿಡುತ್ತದೆ. ಅಂಥ ಗೋಡೆಗೆ ತೇವ ಕಂಡಿತೆಂದು ಸಿಮೆಂಟಿನ ಗಿಲಾವು ಮಾಡಿ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ನೀರು ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಇನ್ನಷ್ಟು ಮೇಲೇರಿ ಅಥವಾ ಮನೆಯ ಒಳಮೈಗೆ ಬಂದು, ತಾನು ಹೊತ್ತು ತಂದ ಲವಣವನ್ನು ಬಿಳಿಯ ಪುಡಿಯಾಗಿ ಉಳಿಸುತ್ತದೆ. ಆ ಲವಣ ಹರಳುಗಟ್ಟುವಾಗ ಇಟ್ಟಿಗೆಯ ಮೈಯೇ ಪದರಪದರವಾಗಿ ಉದುರತೊಡಗುತ್ತದೆ. ಹೊರಗಿನಿಂದ ನೋಡುವವರಿಗೆ ಮನೆ ಹೊಸದಾಗಿ ಕಾಣುತ್ತದೆ, ಆದರೆ ಕೆಲವೇ ಮಳೆಗಾಲಗಳಲ್ಲಿ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ಸರಿಯಾದ ವಿಧಾನವೆಂದರೆ ಮೊದಲು ಮಾಡನ್ನೂ ಮಳೆನೀರಿನ ಕೊಳವೆಗಳನ್ನೂ ಸರಿಪಡಿಸಿ, ಗೋಡೆಯ ಬುಡಕ್ಕೆ ಒತ್ತಿಕೊಂಡಂತೆ ಏರಿರುವ ನೆಲವನ್ನು ತಗ್ಗಿಸಿ, ನೀರು ಬರುವ ಮೂಲವನ್ನೇ ತಡೆಯುವುದು. ಬಳಿಕ ಗೋಡೆ ಒಣಗಲು ಸಾಕಷ್ಟು ಕಾಲ ಬಿಟ್ಟು ಸುಣ್ಣದ ಗಾರೆಯಿಂದಲೇ ಗಿಲಾವು ಮಾಡಬೇಕು. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕಾಗುತ್ತವೆ. ಅನುದಾನದ ಹಣವನ್ನು ಆರ್ಥಿಕ ವರ್ಷದೊಳಗೇ ಖರ್ಚು ಮಾಡಬೇಕೆಂಬ ಅವಸರದಲ್ಲಿ ಈ ಒಣಗುವ ಕಾಲಕ್ಕೆ ಜಾಗವೇ ಇಲ್ಲದಂತಾಗುವುದನ್ನು ಕಂಡಾಗ ನನಗೆ ನಿಜವಾಗಿಯೂ ದುಃಖವಾಗುತ್ತದೆ.

ಮಾಡು, ನೀರು, ತೊಲೆ ಜಂತೆಗಳ ಬಲ, ವಿದ್ಯುತ್ತಿನ ಸುರಕ್ಷತೆ, ಇವು ಮುಗಿದ ಮೇಲೆಯೇ ಶೌಚಾಲಯ, ಅಡುಗೆಮನೆ, ಒಳಾಂಗಣ. ಮುಂಭಾಗದ ಬಣ್ಣ ಎಲ್ಲಕ್ಕಿಂತ ಕೊನೆಯದು.

ಇನ್ನು ವಾಸವಿರುವವರನ್ನು ಹೊರಗೆ ಕಳುಹಿಸದೆ ದುರಸ್ತಿ ಮಾಡುವುದು ಸಾಧ್ಯವೇ ಎಂಬ ಪ್ರಶ್ನೆ. ಸಾಧ್ಯವೆಂಬುದಕ್ಕೆ ವಿಯೆನ್ನಾ ನಗರ ದೊಡ್ಡ ಸಾಕ್ಷಿ. ಅಲ್ಲಿ 1974ರಲ್ಲಿ ಒಟ್ಟಾಕ್ರಿಂಗ್ ಎಂಬ ಕಾರ್ಮಿಕರ ಪ್ರದೇಶದಲ್ಲಿ, ನಿವಾಸಿಗಳಿಗೆ ಸಲಹೆ ನೀಡುವ ಮೊದಲ ಬಡಾವಣೆ ಕಚೇರಿ ಆರಂಭವಾಯಿತು. 1984ರಲ್ಲಿ ನವೀಕರಣಕ್ಕೆ ನೆರವಾಗುವ ಪ್ರತ್ಯೇಕ ನಿಧಿಯೊಂದನ್ನು ಸ್ಥಾಪಿಸಲಾಯಿತು. ತಮ್ಮ ಈ ನವೀಕರಣ ಪದ್ಧತಿಯನ್ನು ಅವರು ‘ಮೃದು ನವೀಕರಣ’ ಎಂದು ಕರೆಯುತ್ತಾರೆ. ಕಟ್ಟಡದ ಮಾಡು, ಕೊಳವೆಗಳು, ಮೆಟ್ಟಿಲು, ಹೊರಗೋಡೆ ಮುಂತಾದ ಸಾಮಾನ್ಯ ಭಾಗಗಳನ್ನು ಬಾಡಿಗೆದಾರರು ಒಳಗಿರುವಾಗಲೇ ಸರಿಪಡಿಸಿ, ಪ್ರತಿ ಮನೆಯ ಒಳಗಿನ ಕೆಲಸವನ್ನು ಅಲ್ಲಿರುವವರು ಒಪ್ಪಿದಾಗ ಅಥವಾ ಮನೆ ತೆರವಾದಾಗ ಮಾತ್ರ ಕೈಗೆತ್ತಿಕೊಳ್ಳುತ್ತಾರೆ. ಸಹಾಯಧನ ಪಡೆದ ಕಟ್ಟಡಗಳಲ್ಲಿ 15 ವರ್ಷಗಳವರೆಗೆ ಬಾಡಿಗೆಗೆ ಮಿತಿ ಇರುತ್ತದೆ. ಸಾರ್ವಜನಿಕ ಹಣ ಪಡೆದ ಮಾಲೀಕನು ಸಾರ್ವಜನಿಕ ಹೊಣೆಯನ್ನೂ ಹೊರಬೇಕೆಂಬ ಈ ನಿಯಮವೇ ಇಡೀ ವ್ಯವಸ್ಥೆಯ ಬೆನ್ನೆಲುಬು.

ಹಣದ ವಿಚಾರದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಉತ್ತರ ಭಾಗದ ಜನರು ತೋರಿಸಿದ ದಾರಿ ನಿಮಗೆ ಉಪಯೋಗವಾದೀತು. ಹಳೆಯ ಮನೆಗಳಿಗೆ ಸಾಲ ಕೊಡಲು ಬ್ಯಾಂಕುಗಳು ನಿರಾಕರಿಸುತ್ತಿದ್ದ ಆ ಪ್ರದೇಶದಲ್ಲಿ, 1968ರಲ್ಲಿ ಡೊರೊಥಿ ಮೇ ರಿಚರ್ಡ್‌ಸನ್ ಎಂಬ ನಿವಾಸಿ ನೆರೆಹೊರೆಯವರನ್ನು ಒಗ್ಗೂಡಿಸಿ, ಬ್ಯಾಂಕುಗಳನ್ನೂ ನಗರಾಡಳಿತವನ್ನೂ ಒಂದೇ ಮೇಜಿಗೆ ಕರೆತಂದರು. ಬ್ಯಾಂಕಿನ ಮಾನದಂಡಕ್ಕೆ ಹೊಂದುವವರಿಗೆ ಬ್ಯಾಂಕೇ ಸಾಲ ಕೊಟ್ಟಿತು. ಹೊಂದದವರಿಗಾಗಿ ಬೇರೆ ಸಾಲನಿಧಿ ಏರ್ಪಟ್ಟಿತು. ಮರುಪಾವತಿಯಾದ ಹಣ ಮತ್ತೊಬ್ಬರ ಮನೆಗೆ ಸಾಲವಾಗಿ ಹೋಗುವಂತಿತ್ತು. ಈ ಮಾದರಿ ಬೇರೆ ನಗರಗಳಿಗೆ ಹರಡಿ, 1978ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಾಯಿದೆಯ ಮೂಲಕ ಸ್ಥಾಪಿಸಿತು. ನಿಮ್ಮ ಸಣ್ಣ ಮೊತ್ತವನ್ನು ಪೂರ್ತಿ ಅನುದಾನವಾಗಿ ಹಂಚಿಬಿಟ್ಟರೆ ಒಂದೇ ಸುತ್ತಿನಲ್ಲಿ ಮುಗಿದುಹೋಗುತ್ತದೆ. ಅದರ ಬಹುಭಾಗವನ್ನು ಇಂಥ ಮರುಸಾಲ ನಿಧಿಯಾಗಿಸಿ, ಕಂತು ಕಟ್ಟುವ ಶಕ್ತಿಯೇ ಇಲ್ಲದ ವೃದ್ಧರಿಗೆ ಮಾತ್ರ ಮನೆ ಮಾರಾಟವಾದಾಗ ಅಥವಾ ಕೈಬದಲಾದಾಗ ತೀರಿಸುವ ಷರತ್ತಿನ ಸಾಲವನ್ನು ಕೊಡಬಹುದು.

ಆದುದರಿಂದ ನನ್ನ ಮತ ಮನೆಗಳ ಪರವಾಗಿದೆ. ಒಂದೊಂದು ಮೂಲೆಯಲ್ಲಿ ಒಂದೊಂದು ಮನೆಯನ್ನು ಆರಿಸುವ ಬದಲು ಒಂದೇ ಬೀದಿಯ ಸಾಲುಮನೆಗಳನ್ನು ಒಟ್ಟಾಗಿ ಕೈಗೆತ್ತಿಕೊಳ್ಳಿ. ಒಂದೇ ಅಟ್ಟಣೆ, ಒಂದೇ ಕೆಲಸಗಾರರ ತಂಡ ಪಕ್ಕಪಕ್ಕದ ಮನೆಗಳಿಗೆ ಬಳಕೆಯಾಗುವುದರಿಂದ ಖರ್ಚು ತಗ್ಗುತ್ತದೆ, ಪಕ್ಕದವರ ಮಾಡು ಸೋರಿ ನಿಮ್ಮ ಗೋಡೆ ನೆನೆಯುವುದೂ ತಪ್ಪುತ್ತದೆ.

ಉತ್ತರ 2 (ಸಣ್ಣ ವ್ಯಾಪಾರಗಳಿಗೆ ಸಾಲ ನೀಡುವ ಸಹಕಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದವರು)

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೆ ಅಂಗಡಿ ಬೀದಿಯನ್ನು ಎರಡನೆಯ ಹಂತಕ್ಕೆ ತಳ್ಳುವುದನ್ನು ಒಪ್ಪಲಾರೆ. ಮನೆ ದುರಸ್ತಿಯ ಸಾಲದ ಕಂತನ್ನು ಕಟ್ಟಬೇಕಾದವರಲ್ಲಿ ಅನೇಕರ ಆದಾಯ ಅದೇ ಬೀದಿಯ ವ್ಯಾಪಾರದಿಂದ ಬರುತ್ತದೆ. ಆ ವ್ಯಾಪಾರ ನಿಂತರೆ ನಿಮ್ಮ ಸಾಲನಿಧಿಯೂ ನಿಲ್ಲುತ್ತದೆ.

ಇಷ್ಟಾಗಿಯೂ ಬಣ್ಣ ಮತ್ತು ದೀಪದ ಯೋಜನೆಯನ್ನು ನಾನು ಬೆಂಬಲಿಸುತ್ತಿಲ್ಲ. ಸಣ್ಣ ಅಂಗಡಿಯೊಂದು ಏಕೆ ಮುಚ್ಚುತ್ತದೆ ಎಂಬುದನ್ನು ಅದರ ಲೆಕ್ಕದ ಪುಸ್ತಕದಲ್ಲಿ ನೋಡಬೇಕು. ಬಾಡಿಗೆ, ಕೊಂಡ ಸರಕಿನ ಹಣ, ಕೂಲಿ, ಸಾಲದ ಬಡ್ಡಿ ಇವೆಲ್ಲ ತಿಂಗಳ ಮೊದಲಿಗೇ ಹೊರಗೆ ಹೋಗುತ್ತವೆ. ಗಿರಾಕಿಯ ಹಣ ನಿಧಾನವಾಗಿ ಚೂರುಚೂರಾಗಿ ಒಳಬರುತ್ತದೆ. ಈ ಅಂತರವನ್ನು ದಾಟಿಸುವ ದುಡಿಮೆ ಬಂಡವಾಳ ಸಕಾಲಕ್ಕೆ ಸಿಗದೆ, ಲಾಭದಲ್ಲಿರುವ ಅಂಗಡಿಯೂ ಮುಚ್ಚಬಹುದು. ಹಾಗೆಯೇ ಬಾಡಿಗೆ ಕರಾರು 11 ತಿಂಗಳದ್ದೋ ಒಂದು ವರ್ಷದ್ದೋ ಆಗಿದ್ದರೆ, ಯಾವ ಬಡಗಿಯೂ ತನ್ನ ಸ್ವಂತ ಹಣ ಹಾಕಿ ಯಂತ್ರಕ್ಕೆ ತಕ್ಕ ವಿದ್ಯುತ್ ಸಂಪರ್ಕವನ್ನಾಗಲಿ, ನೆಲವನ್ನಾಗಲಿ ಸರಿಪಡಿಸಿಕೊಳ್ಳುವುದಿಲ್ಲ. ಹೀಗಾಗಿ ಹೊಸ ನಾಮಫಲಕಕ್ಕಿಂತ ಐದಾರು ವರ್ಷಗಳ ಕರಾರು, ಏರಿಕೆಯ ಪ್ರಮಾಣವನ್ನು ಮೊದಲೇ ಬರೆದಿಟ್ಟ ಬಾಡಿಗೆ, ಮತ್ತು ಸಣ್ಣ ಮೊತ್ತದ ದುಡಿಮೆ ಬಂಡವಾಳ ಇವು ವ್ಯಾಪಾರಿಗೆ ಹೆಚ್ಚಿನ ಬಲ ಕೊಡುತ್ತವೆ.

ಹಳೆಯ ಕಟ್ಟಡಗಳು ವ್ಯಾಪಾರಕ್ಕೆ ಹೊರೆಯೆಂದು ಭಾವಿಸುವವರಿಗೆ, ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿಯೇ ಮುಂದಿಟ್ಟ ವಾದವನ್ನು ನೆನಪಿಸಬೇಕು. ಹೊಸ ಕಟ್ಟಡದ ನಿರ್ಮಾಣ ವೆಚ್ಚ ಬಾಡಿಗೆಯಲ್ಲಿಯೇ ವಸೂಲಾಗಬೇಕಾದ್ದರಿಂದ ಅದರೊಳಗೆ ನಿಲ್ಲಬಲ್ಲವರು ಈಗಾಗಲೇ ಗಟ್ಟಿಯಾಗಿ ಬೇರೂರಿದ ವ್ಯಾಪಾರಗಳು ಮಾತ್ರ. ಇನ್ನೂ ಪ್ರಯೋಗದ ಹಂತದಲ್ಲಿರುವ ಸಣ್ಣ ಉದ್ಯಮಕ್ಕೆ ಕಡಿಮೆ ಬಾಡಿಗೆಯ ಹಳೆಯ ಜಾಗ ಬೇಕು. ಎಲ್ಲ ಮಳಿಗೆಗಳನ್ನೂ ಒಮ್ಮೆಲೇ ಥಳಥಳ ಹೊಳೆಯುವಂತೆ ಮಾಡಿಬಿಟ್ಟರೆ ಈ ಕಡಿಮೆ ಬಾಡಿಗೆಯ ಜಾಗವೇ ನಾಶವಾಗುತ್ತದೆ. ಸುರಕ್ಷಿತವಾಗಿದ್ದು ಸರಳವಾಗಿರುವ ಮಳಿಗೆಗಳನ್ನು ಬೇಕೆಂದೇ ಉಳಿಸಿಕೊಳ್ಳಿ.

ಮುಚ್ಚಿದ ಮಳಿಗೆಗಳ ಬಗ್ಗೆ ಎರಡು ಪ್ರಯೋಗಗಳು ತಿಳಿಯತಕ್ಕವು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದಲ್ಲಿ 2008ರಲ್ಲಿ ಆರಂಭವಾದ ‘ರಿನ್ಯೂ ನ್ಯೂಕ್ಯಾಸಲ್’ ಎಂಬ ಸಂಸ್ಥೆ, ಖಾಲಿ ಬಿದ್ದ ಮಳಿಗೆಗಳ ಮಾಲೀಕರಿಂದ 30 ದಿನಗಳ ಅನುಮತಿಯ ಮೇಲೆ ಜಾಗ ಪಡೆದು ಕುಶಲಕರ್ಮಿಗಳಿಗೂ ಕಲಾವಿದರಿಗೂ ಕೊಡುತ್ತಿತ್ತು. ಅನುಮತಿ 30 ದಿನಕ್ಕೊಮ್ಮೆ ನವೀಕರಣವಾಗುತ್ತಿತ್ತು. ನಿಜವಾದ ಬಾಡಿಗೆದಾರ ಬಂದರೆ ಮಾಲೀಕನಿಗೆ ಜಾಗ ಮರಳಿ ಸಿಗುತ್ತದೆಂಬ ಭರವಸೆ ಇದ್ದುದರಿಂದಲೇ ಮಾಲೀಕರು ಒಪ್ಪಿದರು. ಪ್ಯಾರಿಸ್ ಹಿಡಿದ ದಾರಿ ಇದಕ್ಕಿಂತ ಗಟ್ಟಿಯಾದದ್ದು. ಅಲ್ಲಿ 2004ರಲ್ಲಿ ಆರಂಭವಾದ ‘ವಿತಾಲ್ ಕಾರ್ತಿಯೇ’ ಯೋಜನೆಯಡಿ ನಗರಕ್ಕೆ ಸೇರಿದ ಕಂಪನಿಯೇ ನೆಲಮಹಡಿಯ ಮಳಿಗೆಗಳನ್ನು ಕೊಂಡು, ದುರಸ್ತಿ ಮಾಡಿ, ಬಡಾವಣೆಗೆ ಅಗತ್ಯವಾದ ಸ್ವತಂತ್ರ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಟ್ಟಿತು. ಮೊದಲನೆಯದು ಕಡಿಮೆ ಖರ್ಚಿನದು, ಆದರೆ ಅದರಲ್ಲಿ ವ್ಯಾಪಾರಿಗೆ ಭದ್ರತೆ ಇಲ್ಲ. ಎರಡನೆಯದರಲ್ಲಿ ಭದ್ರತೆ ಇದೆ, ಆದರೆ ದೊಡ್ಡ ಬಂಡವಾಳ ಬೇಕು. ನಿಮ್ಮಂಥ ಸಂಘವು ಮೊದಲನೆಯದರಿಂದ ಆರಂಭಿಸಿ, ಕಾಲೂರಿದ ವ್ಯಾಪಾರಿಗೆ ದೀರ್ಘ ಕರಾರು ಕೊಡಿಸುವುದನ್ನು ಮುಂದಿನ ಗುರಿಯಾಗಿಸಿಕೊಳ್ಳಬಹುದು.

ಅಮೆರಿಕದ ‘ಮೇನ್ ಸ್ಟ್ರೀಟ್’ ಕಾರ್ಯಕ್ರಮ 1977ರಲ್ಲಿ ಮೂರು ಸಣ್ಣ ಪಟ್ಟಣಗಳಲ್ಲಿ ಪ್ರಯೋಗವಾಗಿ ಶುರುವಾಗಿ 1980ರಲ್ಲಿ ರಾಷ್ಟ್ರೀಯ ಕೇಂದ್ರವಾಗಿ ಬೆಳೆಯಿತು. ಸಂಘಟನೆ, ಪ್ರಚಾರ, ವಿನ್ಯಾಸ, ಆರ್ಥಿಕ ಬಲ ಇವು ನಾಲ್ಕೂ ಒಟ್ಟಿಗೆ ಸಾಗಬೇಕೆಂಬುದು ಅದರ ತಳಹದಿ. ಅದರಲ್ಲಿ ನನಗೆ ಮುಖ್ಯವೆನಿಸಿದ್ದು, ಬೀದಿಯ ಕೆಲಸವನ್ನೇ ಉದ್ಯೋಗವಾಗಿ ನೋಡಿಕೊಳ್ಳುವ, ಸಂಬಳ ಪಡೆಯುವ ವ್ಯವಸ್ಥಾಪಕರನ್ನು ನೇಮಿಸುವ ಪದ್ಧತಿ. ಮಾಲೀಕರ ಹಿಂದೆ ಬಿದ್ದು ಕರಾರು ಮಾಡಿಸುವುದು, ಪರವಾನಗಿಗೆ ಓಡಾಡುವುದು, ವ್ಯಾಪಾರಿಗಳ ನಡುವಿನ ಮನಸ್ತಾಪ ಬಗೆಹರಿಸುವುದು, ಇವನ್ನೆಲ್ಲ ಸಂಜೆಯ ಬಿಡುವಿನಲ್ಲಿ ಸ್ವಯಂಸೇವಕರಿಂದ ಮಾಡಿಸಲಾಗದು. ಸ್ವಲ್ಪ ಹಣವನ್ನು ಇದಕ್ಕೆ ತೆಗೆದಿಡಲು ಹಿಂಜರಿಯಬೇಡಿ.

ಕೊನೆಗೆ, ಮನೆ ಮತ್ತು ಅಂಗಡಿ ಎಂಬ ಎರಡು ಪಕ್ಷಗಳನ್ನು ಜೋಡಿಸುವ ಮಾತು. ದುರಸ್ತಿಯ ಕೆಲಸವೇ ಬಡಾವಣೆಯ ಮೊದಲ ವ್ಯಾಪಾರವಾಗಲಿ. ಮೇಲಿನವರು ಹೇಳಿದ ಸುಣ್ಣದ ಗಿಲಾವು, ಕಿಟಕಿ ಬಾಗಿಲುಗಳ ಮರಗೆಲಸ, ಕಬ್ಬಿಣದ ಕಟಾಂಜನ, ವಿದ್ಯುತ್ ಕೆಲಸ ಇವೆಲ್ಲಕ್ಕೂ ಸ್ಥಳೀಯರಿಗೆ ತರಬೇತಿ ಕೊಟ್ಟು, ಕೆಲಸವನ್ನು ಸಣ್ಣ ಸಣ್ಣ ಗುತ್ತಿಗೆಗಳಾಗಿ ಒಡೆದು ಅವರಿಗೇ ಕೊಡಿ. ಇಡೀ ಬೀದಿಯನ್ನು ಒಂದೇ ದೊಡ್ಡ ಗುತ್ತಿಗೆಯಾಗಿ ಕರೆದರೆ ಸಣ್ಣ ಕಸಬುದಾರ ಠೇವಣಿ ಕಟ್ಟಲಾಗದೆ ಹೊರಗುಳಿಯುತ್ತಾನೆ, ನಿಮ್ಮ ಬಡಾವಣೆಗೆ ಬಂದ ಹಣ ಅಂದೇ ಹೊರಗೆ ಹೋಗುತ್ತದೆ.

ಉತ್ತರ 3 (ನಗರಾಧ್ಯಯನದ ಅಧ್ಯಾಪಕರು)

ಇಬ್ಬರೂ ಸೊಗಸಾಗಿ ವಿವರಿಸಿದ್ದಾರೆ. ನಾನು ಒಂದೇ ವಿಷಯವನ್ನು ಸೇರಿಸುತ್ತೇನೆ.

ಸುಧಾರಣೆಯ ಬೆನ್ನಿಗೇ ಹಳೆಯ ನಿವಾಸಿಗಳು ಹೊರದೂಡಲ್ಪಡುವ ಪ್ರಕ್ರಿಯೆಯನ್ನು ಲಂಡನ್ನಿನ ಕಾರ್ಮಿಕ ಬಡಾವಣೆಗಳಲ್ಲಿ ಗುರುತಿಸಿ, ಸಮಾಜವಿಜ್ಞಾನಿ ರೂತ್ ಗ್ಲಾಸ್ 1964ರಲ್ಲಿ ಅದಕ್ಕೆ ಜೆಂಟ್ರಿಫಿಕೇಶನ್ ಎಂಬ ಹೆಸರಿಟ್ಟರು. ದುರಸ್ತಿಯಿಂದ ಮನೆಯ ಬೆಲೆ ಏರುವುದಕ್ಕಿಂತ ಹೆಚ್ಚಾಗಿ ಅದು ನಿಂತಿರುವ ನೆಲದ ಬೆಲೆ ಏರುತ್ತದೆ. ಆ ಏರಿಕೆ ಬೀದಿಯ ಎಲ್ಲರ ಶ್ರಮದಿಂದ, ಸಾರ್ವಜನಿಕರ ಹಣದಿಂದ ಉಂಟಾದದ್ದು. ಆದರೆ ಅದು ಸೇರುವುದು ನೆಲದ ಒಡೆಯನಿಗೆ. ಬಾಡಿಗೆದಾರನು ತನ್ನ ಬೀದಿಯನ್ನು ಚೆನ್ನಾಗಿ ನೋಡಿಕೊಂಡಷ್ಟೂ ತನ್ನ ಬಾಡಿಗೆಯನ್ನೇ ಏರಿಸಿಕೊಂಡಂತಾಗುವ ಈ ಅನ್ಯಾಯವನ್ನು ನೆಲದ ಒಡೆತನದ ಪ್ರಶ್ನೆಯನ್ನು ಮುಟ್ಟದೆ ಸರಿಪಡಿಸಲಾಗದು.

ಇದಕ್ಕೆ ಸಮುದಾಯ ಭೂನ್ಯಾಸ, ಅಂದರೆ ಸಮುದಾಯದ ಪರವಾಗಿ ನೆಲದ ಒಡೆತನ ಹೊಂದುವ ಟ್ರಸ್ಟ್, ಎಂಬ ವ್ಯವಸ್ಥೆ ಒಂದು ಉತ್ತರ. ನೆಲ ನ್ಯಾಸದ ಹೆಸರಿನಲ್ಲಿಯೇ ಶಾಶ್ವತವಾಗಿ ಉಳಿಯುತ್ತದೆ, ಮನೆ ಮಾತ್ರ ಕುಟುಂಬದ್ದಾಗುತ್ತದೆ, ಮಾರುವಾಗ ಬೆಲೆಗೆ ಮಿತಿ ಇರುತ್ತದೆ. ಬಾಸ್ಟನ್ ನಗರದ ಡಡ್ಲಿ ಬೀದಿಯ ನಿವಾಸಿಗಳು 1984ರಲ್ಲಿ ಸಂಘಟಿತರಾದರು. ಅವರ ಪ್ರದೇಶದಲ್ಲಿ ಮನೆಗಳು ಸುಟ್ಟುಹೋಗಿ, ನಿವೇಶನಗಳು ಕಸದ ರಾಶಿಗಳಾಗಿದ್ದವು. ಖಾಲಿ ನಿವೇಶನಗಳನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು 1988ರಲ್ಲಿ ನಗರದಿಂದ ಪಡೆದು, ಆ ನೆಲವನ್ನು ತಮ್ಮ ಭೂನ್ಯಾಸಕ್ಕೆ ಸೇರಿಸಿಕೊಂಡರು. ನಿವಾಸಿಗಳ ಸಂಘವೊಂದಕ್ಕೆ ಇಂಥ ಅಧಿಕಾರ ದೊರೆತದ್ದು ಅಪರೂಪದ ಘಟನೆ. ಎಲ್ಲೆಡೆಯೂ ಇದು ಸಾಧ್ಯವಾಗದಿರಬಹುದು. ಆದರೆ ನೆಲ ಅಗ್ಗವಾಗಿರುವ ಈಗಲೇ ಒಂದೆರಡು ಮನೆ, ಒಂದೆರಡು ಮಳಿಗೆಗಳನ್ನು ಸಂಘದ ಅಥವಾ ಸಹಕಾರಿಯ ಒಡೆತನಕ್ಕೆ ತರುವುದು ಸಾಧ್ಯವಿದೆ. ಸುಧಾರಣೆ ಕಣ್ಣಿಗೆ ಕಂಡ ಮೇಲೆ ಆ ಅವಕಾಶ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಮೊದಲನೆಯದು: ಬೀಗ ಬಿದ್ದಿರುವ ಮನೆಗಳ ಮಾಲೀಕರಲ್ಲಿ ಹೆಚ್ಚಿನವರು ಊರಲ್ಲಿಲ್ಲ, ಕೆಲವು ಆಸ್ತಿಗಳು ವಾರಸುದಾರರ ನಡುವಿನ ವಿವಾದದಲ್ಲಿವೆ. ಅವುಗಳ ಬಗ್ಗೆ ಏನು ಮಾಡಬಹುದು? ಎರಡನೆಯದು: ಮಾಲೀಕನಿಗೆ ದುರಸ್ತಿಯ ಸಹಾಯಧನ ಕೊಟ್ಟ ಮೇಲೆ ಅವನು ಬಾಡಿಗೆಯ ಷರತ್ತನ್ನು ಪಾಲಿಸುತ್ತಾನೆಂದು ಖಾತರಿ ಏನು? ನಮ್ಮ ಸಂಘಕ್ಕೆ ನ್ಯಾಯಾಲಯ ಸುತ್ತುವ ಶಕ್ತಿ ಇಲ್ಲ.

ಉತ್ತರ 1ರವರಿಂದ ಮರುಉತ್ತರ

ಎರಡನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ. ಹಣವನ್ನು ಒಂದೇ ಬಾರಿಗೆ ಕೊಡಬೇಡಿ. ಕೆಲಸ ಆರಂಭವಾಗುವ ಮೊದಲೇ ಬಾಡಿಗೆದಾರನ ಹೆಸರಿನಲ್ಲಿ ದೀರ್ಘ ಕರಾರು ನೋಂದಣಿಯಾಗಿರಬೇಕು. ಅದಾದ ಮೇಲೆ ಮಾಡಿನ ಕೆಲಸ ಮುಗಿದಾಗ ಒಂದು ಕಂತು, ವಿದ್ಯುತ್ ಮತ್ತು ನೀರಿನ ಕೆಲಸ ಪರಿಶೀಲನೆಯಾದಾಗ ಇನ್ನೊಂದು ಕಂತು ಹೀಗೆ ಬಿಡುಗಡೆ ಮಾಡಿ, ಹಣವನ್ನು ಮಾಲೀಕನ ಬದಲು ನೇರವಾಗಿ ಕೆಲಸಗಾರರಿಗೆ ಪಾವತಿಸಿ. ಸಹಾಯಧನವನ್ನು ಕಾಗದದ ಮೇಲೆ ಆಸ್ತಿಯ ಅಡಮಾನವಿರುವ ಸಾಲವೆಂದೇ ಬರೆದು, ಷರತ್ತು ಪಾಲಿಸಿದ ಪ್ರತಿ ವರ್ಷಕ್ಕೂ ಅದರ ಒಂದು ಭಾಗ ಮನ್ನಾ ಆಗುವಂತೆ ಮಾಡುವುದು ಹಲವೆಡೆ ರೂಢಿಯಲ್ಲಿದೆ. ಮಾಲೀಕನು ಬಾಡಿಗೆದಾರನನ್ನು ಹೊರಹಾಕಿದರೆ ಅಥವಾ ನಡುವೆಯೇ ಮಾರಿದರೆ ಉಳಿದ ಮೊತ್ತವನ್ನು ತೀರಿಸಲೇಬೇಕಾಗುತ್ತದೆ. ಅಡಮಾನ ದಾಖಲಾಗಿರುವುದರಿಂದ ಕೊಳ್ಳುವವನೂ ಅದನ್ನು ಕಡೆಗಣಿಸಲಾರ, ನೀವು ಮಾಲೀಕನ ಬೆನ್ನು ಹತ್ತಬೇಕಾದ ಸಂದರ್ಭಗಳೂ ಬಹಳ ಕಡಿಮೆಯಾಗುತ್ತವೆ. ಕರಾರಿನ ಕರಡನ್ನು ಸ್ಥಳೀಯ ಕಾನೂನು ಬಲ್ಲ ವಕೀಲರೊಬ್ಬರಿಂದ ಒಮ್ಮೆ ಸರಿಯಾಗಿ ಬರೆಸಿಕೊಂಡರೆ ಎಲ್ಲ ಮನೆಗಳಿಗೂ ಅದೇ ನಮೂನೆ ಸಾಕು.

ಬೀಗ ಬಿದ್ದ ಮನೆಗಳ ವಿಷಯದಲ್ಲಿ ಲಿವರ್‌ಪೂಲ್ ನಗರದ ಗ್ರಾನ್ಬಿ ಪ್ರದೇಶದ ನಾಲ್ಕು ಬೀದಿಗಳ ಉದಾಹರಣೆ ನನಗೆ ಬಹಳ ಧೈರ್ಯ ಕೊಟ್ಟಿದೆ. ಅಲ್ಲಿ ದಶಕಗಳ ಕಾಲ ಮನೆಗಳನ್ನು ಖಾಲಿ ಮಾಡಿಸಿ, ಕಿಟಕಿಗಳಿಗೆ ಹಲಗೆ ಹೊಡೆದು, ಕೆಡವುವ ಯೋಜನೆಗಳನ್ನು ಹಾಕಲಾಗಿತ್ತು. ಉಳಿದಿದ್ದ ಕೆಲವೇ ನಿವಾಸಿಗಳು ಯಾರ ಅನುಮತಿಗೂ ಕಾಯದೆ ಬೀದಿಯನ್ನು ಗುಡಿಸಿದರು, ಖಾಲಿ ಮನೆಗಳ ಮುಂದೆ ಕುಂಡಗಳಲ್ಲಿ ಗಿಡ ನೆಟ್ಟರು, ಹಲಗೆಗಳಿಗೆ ಬಣ್ಣ ಹಚ್ಚಿದರು, ತಿಂಗಳಿಗೊಮ್ಮೆ ಬೀದಿಯಲ್ಲಿಯೇ ಸಂತೆ ನಡೆಸಿದರು. 2011ರಲ್ಲಿ ಅವರು ಭೂನ್ಯಾಸವನ್ನು ರಚಿಸಿಕೊಂಡ ಮೇಲೆ ನಗರಾಡಳಿತ 10 ಮನೆಗಳನ್ನು ಅವರಿಗೆ ವಹಿಸಿಕೊಟ್ಟಿತು. ಅವುಗಳ ನವೀಕರಣದಲ್ಲಿ ಜೊತೆಯಾದ ‘ಅಸೆಂಬಲ್’ ಎಂಬ ಯುವ ವಿನ್ಯಾಸಕರ ತಂಡಕ್ಕೆ 2015ರಲ್ಲಿ ಬ್ರಿಟನ್ನಿನ ಟರ್ನರ್ ಕಲಾಪ್ರಶಸ್ತಿ ದೊರೆಯಿತು. ಉತ್ತರ 2ರಲ್ಲಿ ಹೇಳಿದ ಜೋಡಣೆ ಅಲ್ಲಿ ನಿಜವಾಗಿಯೂ ಆಯಿತು. ಆ ಮನೆಗಳಿಗೆ ಬೇಕಾದ ಹೆಂಚು, ಹಿಡಿಕೆ, ಅಗ್ಗಿಷ್ಟಿಕೆಯ ಚೌಕಟ್ಟುಗಳನ್ನು ಮಾಡುವ ಕಾರ್ಯಾಗಾರವೊಂದು ಬಡಾವಣೆಯಲ್ಲಿಯೇ ಹುಟ್ಟಿತು. ಅಗ್ಗಿಷ್ಟಿಕೆಯ ಚೌಕಟ್ಟುಗಳನ್ನು ಕೆಡವಿದ ಕಟ್ಟಡಗಳ ಇಟ್ಟಿಗೆ, ಕಲ್ಲಿನ ಚೂರುಗಳನ್ನು ಸೇರಿಸಿ ಎರಕ ಹೊಯ್ದು ಮಾಡಲಾಯಿತು. ಆ ವಸ್ತುಗಳನ್ನು ಹೊರಗಿನವರಿಗೂ ಮಾರತೊಡಗಿದರು.

ಗಮನಿಸಬೇಕಾದ ವ್ಯತ್ಯಾಸವೂ ಇದೆ. ಗ್ರಾನ್ಬಿಯಲ್ಲಿ ಖಾಲಿ ಮನೆಗಳು ಬಹುಮಟ್ಟಿಗೆ ಸಾರ್ವಜನಿಕ ಒಡೆತನದಲ್ಲಿದ್ದವು. ನಿಮ್ಮಲ್ಲಿ ಅವು ಖಾಸಗಿ, ಕೆಲವು ವಿವಾದದಲ್ಲಿವೆ. ವಿವಾದದ ಮನೆಗಳಿಗೆ ಈಗ ಕೈ ಹಾಕಬೇಡಿ. ಅವುಗಳ ಮಾಡಿನ ನೀರು ಪಕ್ಕದ ಮನೆಗೆ ಹರಿಯದಂತೆ ಎಲ್ಲ ವಾರಸುದಾರರ ಲಿಖಿತ ಒಪ್ಪಿಗೆಯೊಂದಿಗೆ ತಾತ್ಕಾಲಿಕ ಹೊದಿಕೆ ಹಾಕಿಸುವುದಷ್ಟೇ ಸಾಕು. ಊರಲ್ಲಿಲ್ಲದ ಮಾಲೀಕರಿಗೆ ಬೇರೆಯದೇ ಪ್ರಸ್ತಾವ ಮಾಡಬಹುದು: ಸಂಘ ಅಥವಾ ಸಹಕಾರಿಯು ಮನೆಯನ್ನು 10 ವರ್ಷಗಳ ಗೇಣಿಗೆ ಪಡೆದು ತನ್ನ ಖರ್ಚಿನಲ್ಲಿ ದುರಸ್ತಿ ಮಾಡಿಸುತ್ತದೆ, ಬಂದ ಬಾಡಿಗೆಯಿಂದ ಆ ಖರ್ಚನ್ನು ತೀರಿಸಿಕೊಳ್ಳುತ್ತದೆ, ಅವಧಿ ಮುಗಿದಾಗ ಗಟ್ಟಿಯಾದ ಮನೆಯನ್ನು ಮಾಲೀಕನಿಗೆ ಒಪ್ಪಿಸುತ್ತದೆ. ಬೀಗ ಹಾಕಿಟ್ಟು ಆಸ್ತಿ ಕುಸಿಯುವುದನ್ನು ದೂರದಿಂದ ನೋಡುತ್ತಿರುವ ಮಾಲೀಕರಲ್ಲಿ ಕೆಲವರಾದರೂ ಇದಕ್ಕೆ ಒಪ್ಪುತ್ತಾರೆ.

ಉತ್ತರ 2ರವರಿಂದ

ಗೇಣಿಯ ಸಲಹೆ ಮಳಿಗೆಗಳಿಗೂ ಅನ್ವಯಿಸುತ್ತದೆ, ಅದನ್ನೂ ಅದೇ ಪತ್ರದಲ್ಲಿ ಸೇರಿಸಿ. ಒಂದು ಎಚ್ಚರಿಕೆ ಮಾತ್ರ: ಮೇಲೆ ಮನೆ, ಕೆಳಗೆ ಮಳಿಗೆ ಇರುವ ಕಟ್ಟಡಗಳಲ್ಲಿ ದುರಸ್ತಿ ನಡೆಯುವ ತಿಂಗಳುಗಳಲ್ಲಿ ವ್ಯಾಪಾರಿಯ ಬಾಗಿಲ ಮುಂದೆಯೇ ಅಟ್ಟಣೆ ನಿಲ್ಲುತ್ತದೆ, ಗಿರಾಕಿಗಳು ಬೇರೆಡೆ ಹೋಗುವ ರೂಢಿ ಮಾಡಿಕೊಳ್ಳುತ್ತಾರೆ. ಆ ಅವಧಿಗೆ ಬಾಡಿಗೆ ವಿನಾಯಿತಿಯನ್ನೋ, ಎದುರಿನ ಖಾಲಿ ಮಳಿಗೆಯಲ್ಲಿ ತಾತ್ಕಾಲಿಕ ಜಾಗವನ್ನೋ ಯೋಜನೆಯ ವೆಚ್ಚದಲ್ಲಿಯೇ ಸೇರಿಸಿಡಬೇಕು. ಅದಕ್ಕೆ ಬೇಕಾದ ಮೊತ್ತ ಅಟ್ಟಣೆಯ ಬಾಡಿಗೆಯೊಂದಿಗೆ ಒಂದೇ ಪಟ್ಟಿಯಲ್ಲಿ, ಮೊದಲ ದಿನದಿಂದಲೇ ಇರಲಿ. ಹಣ ಉಳಿದರೆ ನೋಡೋಣ ಎಂದು ಬಿಟ್ಟಲ್ಲೆಲ್ಲ ಅದು ಉಳಿದದ್ದನ್ನು ನಾನು ಕಂಡಿಲ್ಲ.